ಅಯ್ಯಮ್ಮನ ಮರಿಗಳೂ ಸೊಸೆಯ ಬಿಸಿಗಾಳಿಯೂ

ದೋರನಹಳ್ಳಿಗೆ ಬಟ್ಟೆ ಒಣಗಿಸುವ ಮಷೀನು ಬಂದ ದಿನ ನೋಡಲು ಬಂದವರಲ್ಲಿ ಅರ್ಧ ಜನ ಅಲ್ಲೇ ನಕ್ಕರು, ಉಳಿದರ್ಧ ಜನ ಮನೆಗೆ ಹೋಗಿ ನಕ್ಕರು. ಅವರದೇನೂ ತಪ್ಪಿಲ್ಲ. ವರ್ಷದ ಒಂಬತ್ತು ತಿಂಗಳು, ಒದ್ದೆ ಸೀರೆಯನ್ನು ಬೇಲಿಗೆ ಹಾಕಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಅದು ಒಣಗಿ ಹಪ್ಪಳವಾಗುವ ಊರು ಇದು. ಇಂಥಲ್ಲಿ ಬಿಸಿಲನ್ನು ದುಡ್ಡು ಕೊಟ್ಟು ತರುವವರೂ ಇದ್ದಾರೆಯೇ ಎಂದು ಅಯ್ಯಮ್ಮನೂ ಕೇಳಿದಳು. ಕೇಳಿದ್ದು ಮಷೀನು ತರಿಸಿದ ಸೊಸೆಯನ್ನಲ್ಲ, ಮಡಿಲಲ್ಲಿದ್ದ ಕುರಿಮರಿಯನ್ನು. ಮನಸ್ಸಿನ ಮಾತನ್ನೆಲ್ಲ ಅವಳು ಮರಿಗಳ ಹತ್ತಿರವೇ ಆಡುವುದು. ಅವು ಎದುರಾಡುವುದಿಲ್ಲ, ಊರ ತುಂಬ ಹೇಳಿಕೊಂಡೂ ಬರುವುದಿಲ್ಲ.

ಅಯ್ಯಮ್ಮನಿಗೆ ಅರವತ್ತು ದಾಟಿ ಎರಡು ವರ್ಷ. ಗಿಡ್ಡ ಆಳು, ಗುಡ್ಡದ ಮೇಲೆ ಕುರಿ ಕೂಗಿ ಕೂಗಿ ಒಡೆದ ಗಂಟಲು, ಎರಡೂ ಮೊಣಕಾಲು ಮುಷ್ಕರ ಹೂಡಿ ವರ್ಷಗಳಾಗಿವೆ. ಗಂಡ ಬೀರಣ್ಣ ತೀರಿಕೊಂಡ ಮೇಲೆ ಹಿಂಡು ಕಾಯುವವರಿಲ್ಲದೆ ಮಗ ಭೀಮು ಕುರಿಗಳನ್ನು ಮಾರಿ ಟೆಂಪೋ ಕೊಂಡ. ಅಯ್ಯಮ್ಮ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ಉಂಡಳು. ಹಿಂಡು ಹೋದರೂ ಅವಳ ಕೈಯ ವಿದ್ಯೆ ಹೋಗಿರಲಿಲ್ಲ. ಸುತ್ತಲ ಕುರಿಗಾರರಲ್ಲಿ ಒಂದು ರೂಢಿಯಿದೆ: ತಾಯಿ ಸತ್ತ ಮರಿ, ತಾಯಿ ಹಾಲೂಡಿಸದೆ ಒದ್ದ ಮರಿ, ಅವಳಿಯಲ್ಲಿ ಸೊರಗಿದ ಮರಿ ಇದ್ದರೆ ತಂದು ಅಯ್ಯಮ್ಮನ ಮಡಿಲಿಗೆ ಹಾಕುವುದು. ಅವಳು ಬಾಟಲಿಯಲ್ಲಿ ಹಾಲು ಕುಡಿಸಿ, ಹುಲ್ಲು ಕಚ್ಚುವ ಮಟ್ಟಿಗೆ ಬೆಳೆಸಿ ವಾಪಸು ಕೊಡುತ್ತಾಳೆ. ಅವರು ಉಣ್ಣೆ ಕತ್ತರಿಸಿದಾಗ ಒಂದಿಷ್ಟು ಉಣ್ಣೆ, ಹಬ್ಬಕ್ಕೊಂದು ಸೀರೆ ತಂದುಕೊಡುತ್ತಾರೆ.

“ಅಯ್ಯಮ್ಮನ ಕೈಯಾಗ ಮರಿ ಸಾಯಂಗಿಲ್ಲ” ಎಂಬ ಮಾತು ಕೊಂಕಲ್ಲಿನಿಂದ ಗುರುಮಠಕಲ್ಲಿನವರೆಗೂ ಇತ್ತು. ಆ ಮಾತಿನ ಮೇಲೆಯೇ ಅವಳು ಬದುಕಿದ್ದಳು ಎಂದರೂ ನಡೆಯುತ್ತದೆ. ಒಂದೇ ಒಂದು ಮರಿ ಸತ್ತರೆ ಕುರಿಗಾರರು ಬರುವುದು ನಿಲ್ಲುತ್ತದೆ, ಕುರಿಗಾರರು ನಿಂತರೆ ತಾನು ಎರಡು ಹೊತ್ತು ಉಂಡು ಮೂಲೆಯಲ್ಲಿ ಕೂರುವ ಮುದುಕಿ ಅಷ್ಟೇ ಎಂಬ ಹೆದರಿಕೆ ಅವಳಿಗೆ. ಇದನ್ನೂ ಅವಳು ಮರಿಗಳಿಗೆ ಮಾತ್ರ ಹೇಳಿದ್ದಳು.

ಇನ್ನು ಸೊಸೆ ಶಿವಲೀಲಾ. ಸುರಪುರದ ಹುಡುಗಿ, ಮಾತು ಕಡಿಮೆ, ಹಟ ಜಾಸ್ತಿ. ಮದುವೆಗೆ ಮುಂಚೆ ಶಹಾಪುರದ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳ ಉಸ್ತುವಾರಿ ನೋಡುತ್ತಿದ್ದಳು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬೆಡ್‌ಶೀಟು ಒಣಗದೆ ಆಸ್ಪತ್ರೆಯವರು ಪರದಾಡುವುದನ್ನು ಅಲ್ಲೇ ಕಂಡಿದ್ದಳು. ಮದುವೆಯಾಗಿ ಬಂದ ಮೇಲೆ ಆ ಬಟ್ಟೆಗಳನ್ನು ಮನೆಯಲ್ಲೇ ಒಗೆದು ಒಣಗಿಸಿ ಕೊಡುವ ಕೆಲಸ ಹಿಡಿದಳು. ಹೈದರಾಬಾದಿನಲ್ಲಿ ಯಾವುದೋ ಲಾಡ್ಜು ಮುಚ್ಚುವಾಗ ಅಲ್ಲಿಯ ಹಳೆಯ ಮಷೀನನ್ನು ಭೀಮು ತನ್ನ ಟೆಂಪೋದಲ್ಲೇ ಹೇರಿಕೊಂಡು ಬಂದ. ಹೀಗೆ ನಮ್ಮ ಊರಿಗೆ ಬಿಸಿಲು ಬಂತು.

ಶಿವಲೀಲಾಳಿಗೆ ದೇವರು ಎಲ್ಲ ಸರಿಯಾಗಿಯೇ ಕೊಟ್ಟು ಮೂಗಿನ ವಿಷಯದಲ್ಲಿ ಮಾತ್ರ ಕುಚೋದ್ಯ ಮಾಡಿದ್ದ. ಉಣ್ಣೆಯ ವಾಸನೆ ಸೋಕಿದರೆ ಸಾಕು, ಒಂದರ ಹಿಂದೊಂದು ಏಳು ಸೀನು. ಕುರಿ ಕಾಯುವವರ ಮನೆಯ ಸೊಸೆಗೆ ಇಂಥ ಮೂಗು! ಮೇಲಾಗಿ ರೋಗಿಗಳು ಮಲಗುವ ಬಟ್ಟೆಗೆ ಒಂದು ಕೂದಲೂ ಹತ್ತಬಾರದು. ಆದ್ದರಿಂದ ಮನೆಯಲ್ಲಿ ಒಂದು ಒಪ್ಪಂದವಾಗಿತ್ತು. ಅತ್ತೆ ಮಷೀನಿನ ಕೋಣೆಗೆ ಕಾಲಿಡುವುದಿಲ್ಲ, ಸೊಸೆ ಹಿತ್ತಲಿನ ಮರಿ ಕೊಟ್ಟಿಗೆಗೆ ಕಾಲಿಡುವುದಿಲ್ಲ. ಎರಡರ ನಡುವೆ ಒಂದು ಗೋಡೆ, ನಾಲ್ಕು ಮಾರು ಹಿತ್ತಲು.

ಮಷೀನು ಕೂರಿಸಿದವನು ಶಹಾಪುರದ ಮೆಕ್ಯಾನಿಕ್ ಗಯಾಸ. ಅವನು ಆ ದಿನವೇ ಶಿವಲೀಲಾಳನ್ನು ಎದುರಿಗೆ ನಿಲ್ಲಿಸಿಕೊಂಡು ಪಾಠ ಹೇಳಿದ. ಬಾಗಿಲ ಹತ್ತಿರ ಒಂದು ಜರಡಿಯಿದೆ. ಬಟ್ಟೆಯಿಂದ ಉದುರುವ ನೂಲಿನ ಧೂಳು ಹಿಂಜಿದ ಅರಳೆಯ ಹಾಗೆ ಅದರ ಮೇಲೆ ಕೂರುತ್ತದೆ, ಒಂದೊಂದು ಸಲ ಬಟ್ಟೆ ತೆಗೆದಾಗಲೂ ಅದನ್ನು ಬಳಿದು ತೆಗೆಯಬೇಕು. ಹಿಂದಿನ ಗೋಡೆಯಿಂದ ಗೇಣುದ್ದದ ತಗಡಿನ ಪೈಪು ಹೊರಗೆ ಹೋಗಿದೆ. ಜರಡಿಗೆ ಸಿಕ್ಕದೆ ನುಸುಳಿದ ಅರಳೆಯೂ ಬಿಸಿಗಾಳಿಯೂ ಅದರಿಂದ ಹೊರಬೀಳುತ್ತವೆ, ಅದರ ಬಾಯಿ ಸದಾ ತೆರೆದಿರಬೇಕು.

“ಗಾಳಿ ಹೊರಗ ಹೋಗ್ಲಿಲ್ಲಂದ್ರ ಒಳಗ ಬೆಂಕಿನ ನೋಡ್ರಿ ತಂಗಿ. ಮಷೀನ್ ಚಾಲೂ ಇಟ್ಟು ಮನಿ ಬಿಟ್ಟು ಹೋಗಬ್ಯಾಡ್ರಿ. ಸುಟ್ಟ ವಾಸನಿ ಬಂತಂದ್ರ ಮೊದಲ ಮೇನ್ ಸ್ವಿಚ್ ಬಂದ್ ಮಾಡ್ರಿ, ಬಾಗಿಲಾ ಬಿಲ್ಕುಲ್ ತಗಿಬ್ಯಾಡ್ರಿ.”

ಶಿವಲೀಲಾ ಅದಷ್ಟನ್ನೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಿಟ್ಟಳು, ಬರೆದಂತೆಯೇ ನಡೆದಳು. ಹಿತ್ತಲ ಬಾಗಿಲಲ್ಲಿ ಕೂತು ಕೇಳುತ್ತಿದ್ದ ಅಯ್ಯಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ಗೋಡೆಯಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ.

ಎರಡು ವರ್ಷ ಅದು ಬರೀ ಕಿವಿಯಲ್ಲೇ ಇತ್ತು. ಈ ಸಲದ ಶ್ರಾವಣದಲ್ಲಿ ಮಳೆ ಮೂರು ದಿನ ಬಿಡದೆ ಹಿಡಿದಾಗ ಕೊಂಕಲ್ಲಿನ ಮರಿಲಿಂಗ ಕಂಬಳಿಯೊಳಗೆ ಎರಡು ಮರಿ ಹೊತ್ತು ತಂದ. ಬೀರಣ್ಣನ ತಮ್ಮನ ಮಗ ಅವನು, ದೋರನಹಳ್ಳಿಯ ಹೊರಗೆ ಗುಡ್ಡದ ಬುಡದಲ್ಲಿ ಹಿಂಡು ಬಿಟ್ಟಿದ್ದ. ಅವಳಿ ಮರಿಗಳು, ತಾಯಿ ಹೆರಿಗೆಯಲ್ಲೇ ಹೋಗಿತ್ತು. ಮೈ ತಣ್ಣಗೆ, ಕಾಲು ಕೋಲು. ಅಯ್ಯಮ್ಮ ದೊಡ್ಡ ಬಿದಿರ ಬುಟ್ಟಿ ಕವುಚಿ ಅದರಡಿ ಹುಲ್ಲು ಹಾಸಿ ಮಲಗಿಸಿದಳು. ನಡುಕ ನಿಲ್ಲಲಿಲ್ಲ. ಏನು ಮಾಡಲಿ ಎಂದು ಹಿತ್ತಲಿಗೆ ಬಂದವಳು ನೋಡುತ್ತಾಳೆ, ಮನೆಯ ಕೋಳಿಗಳೆಲ್ಲ ಗೋಡೆಯ ಪೈಪಿನ ಬಾಯಿಯ ಕೆಳಗೆ ಸಾಲಾಗಿ ಕೂತು ಕಣ್ಣು ಮುಚ್ಚಿ ಸುಖಪಡುತ್ತಿವೆ! ಕೈಯೊಡ್ಡಿದಳು. ಬೆಚ್ಚಗಿತ್ತು.

ಮುಂದಿನದೆಲ್ಲ ಒಂದು ಗಂಟೆಯ ಕೆಲಸ. ಹೊಲದ ಮೋಟಾರಿಗೆಂದು ತಂದು ಉಳಿದಿದ್ದ ದಪ್ಪ ಪ್ಲಾಸ್ಟಿಕ್ ಪೈಪನ್ನು ತಗಡಿನ ಬಾಯಿಗೆ ಸಿಕ್ಕಿಸಿ, ನಾಲ್ಕು ಮಾರು ದೂರದ ಕೊಟ್ಟಿಗೆಯ ಕಿಂಡಿಯಿಂದ ಒಳಗೆ ತಂದು ಬುಟ್ಟಿಯ ಪಕ್ಕ ಬಿಟ್ಟಳು. ದಾರಿಯಲ್ಲಿ ಗಾಳಿ ಆರಬಾರದೆಂದು ಬೀರಣ್ಣನ ಹಳೆಯ ಕಂಬಳಿ ಸುತ್ತಿದಳು. ಗಾಳಿಯ ಜೊತೆ ಅರಳೆಯೂ ಹಾರಿ ಬಂದು ಮರಿಗಳ ಮೂಗಿಗೆ ಹೊಕ್ಕಿತು. ಅದಕ್ಕೂ ಅವಳ ಹತ್ತಿರ ಉಪಾಯವಿತ್ತು: ಹಾಲು ಸೋಸುವ ಹಾಗೆ, ಹಳೆಯ ಸೀರೆಯ ತುಂಡನ್ನು ಎರಡು ಪದರ ಮಾಡಿ ಪೈಪಿನ ಬಾಯಿಗೆ ಬಿಗಿದಳು. ಗಾಳಿ ಸೋಸಿ ಬಂತು. ಮರಿಗಳ ನಡುಕ ನಿಂತಿತು. ಸಂಜೆಯ ಹೊತ್ತಿಗೆ ಎರಡೂ ಎದ್ದು ನಿಂತು ಬಾಟಲಿಗೆ ಬಾಯಿ ಹಾಕಿದವು. ಯಾವ ಇಂಜಿನಿಯರನಿಗೂ ಅಂದು ಅಯ್ಯಮ್ಮನಷ್ಟು ಗರ್ವ ಇದ್ದಿರಲಾರದು.

ಸೊಸೆಗೆ ಹೇಳಲಿಲ್ಲ. ಹೇಳಿದರೆ ಬೇಡ ಅಂದಾಳು. ಬೇಡ ಅಂದ ಮೇಲೆ ಮಾಡಿದರೆ ಜಗಳ, ಹೇಳದೆ ಮಾಡಿದರೆ ಯಾರಿಗೂ ತೊಂದರೆಯಿಲ್ಲ ಎಂಬುದು ಅವಳ ಲೆಕ್ಕಾಚಾರ. ಉಣ್ಣೆಯ ವಾಸನೆಗೆ ಹೆದರಿ ಸೊಸೆ ಗೋಡೆಯ ಆ ಬದಿಗೆ ಬರುತ್ತಲೂ ಇರಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಮಷೀನು ಸೊರಗಿತು. ಮುಕ್ಕಾಲು ಗಂಟೆಯಲ್ಲಿ ಒಣಗುತ್ತಿದ್ದ ಬಟ್ಟೆಗೆ ಒಂದೂವರೆ ಗಂಟೆ ಹಿಡಿಯಿತು, ಆಮೇಲೆ ಎರಡೂವರೆ. ಮಷೀನಿನ ನೆತ್ತಿ ಮುಟ್ಟಿದರೆ ಸುಡುವಂತಾಯಿತು. ಶಿವಲೀಲಾ ಜರಡಿಯನ್ನು ಒಂದಕ್ಕೆ ಎರಡು ಸಲ ಬಳಿದಳು, ಏನೂ ಉಪಯೋಗವಾಗಲಿಲ್ಲ. ಗಯಾಸನಿಗೆ ಫೋನು ಮಾಡಿದಳು.

ಗಯಾಸನ ಬೈಕಿನ ಸದ್ದು ಓಣಿಯ ಆಚೆಯಿಂದಲೇ ಕೇಳುತ್ತದೆ. ಕೇಳಿದ್ದೇ ತಡ, ಅಯ್ಯಮ್ಮನ ಮೊಣಕಾಲಿಗೆ ಎಲ್ಲಿಂದಲೋ ಶಕ್ತಿ ಬಂತು. ಪೈಪು ಕಿತ್ತು ಕಂಬಳಿ ಸಮೇತ ಮೇವಿನ ಹಿಂದೆ ತಳ್ಳಿ, ಏನೂ ಅರಿಯದವಳಂತೆ ಜೋಳ ಕೇರುತ್ತ ಕೂತಳು. ಮಷೀನು ಗಯಾಸನ ಎದುರು ಮುಕ್ಕಾಲು ಗಂಟೆಯಲ್ಲಿ ಬಟ್ಟೆ ಒಣಗಿಸಿ ಕೊಟ್ಟಿತು.

“ಬರೋಬರ್ ಅದ ಅಲ್ರಿ ತಂಗಿ. ಏನೂ ತಕರಾರಿಲ್ಲ.”

ಅವನು ಹೋದ, ಪೈಪು ಬಂತು, ಮಷೀನು ಮತ್ತೆ ಸೊರಗಿತು. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕರೆದರು; ಇನ್ನೊಮ್ಮೆ ಅದೇ ನಾಟಕ. “ನನ್ನ ಮಾರಿ ನೋಡಿ ಅಂಜತದೇನೋ, ನನ್ನ ಫೋಟೋ ಒಂದು ತೂಗಹಾಕ್ರಿ” ಎಂದು ಗಯಾಸ ನಗೆಯಾಡಿದ. ಭೀಮು ಹೆಂಡತಿಯ ಕಡೆ ನೋಡಿ, “ನಿನಗ ಬರೀ ಫಿಕರ್. ಜರಾ ತಲಿ ತಣ್ಣಗ ಇಟ್ಕೋ” ಅಂದ. ಶಿವಲೀಲಾ ಎದ್ದು ಮತ್ತೊಮ್ಮೆ ಜರಡಿ ಬಳಿದಳು.

ಆಸ್ಪತ್ರೆಯವರು ಮಾತ್ರ ತಲೆ ತಣ್ಣಗಿಡಲಿಲ್ಲ. ಹೊತ್ತಿಗೆ ಸರಿಯಾಗಿ ಬಟ್ಟೆ ಬಾರದಿದ್ದರೆ ಬರುವ ತಿಂಗಳಿಂದ ಕಲಬುರಗಿಗೆ ಕಳಿಸುತ್ತೇವೆ ಎಂದರು. ಆ ಮಧ್ಯಾಹ್ನ ಅಯ್ಯಮ್ಮ ಕಿಟಕಿಯಿಂದ ನೋಡಿದಳು. ಸೊಸೆ ಅರ್ಧ ಒಣಗಿದ ಬೆಡ್‌ಶೀಟು ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ, ಮತ್ತೆ ಮಡಚಿ, ಅದರ ತುದಿಯಲ್ಲೇ ಕಣ್ಣು ಒತ್ತಿಕೊಂಡಳು.

ಅಯ್ಯಮ್ಮ ಕಿಟಕಿ ಬಿಟ್ಟು ಸರಿದಳು. ಪೈಪು ಹಾಕಿದರೆ ಮಷೀನು ಸೊರಗುತ್ತದೆ, ಕಿತ್ತರೆ ಸರಿಹೋಗುತ್ತದೆ ಎಂಬುದು ತಿಳಿಯದಷ್ಟು ದಡ್ಡಿ ಅವಳಲ್ಲ. ಆದರೆ ಮಳೆ ನಿಂತಿರಲಿಲ್ಲ, ಅವಳಿಗಳಲ್ಲಿ ಸಣ್ಣದು ಇನ್ನೂ ಕೆಮ್ಮುತ್ತಿತ್ತು. “ನಾಲ್ಕ ದಿನ ತಡಿ” ಎಂದು ಆ ಸಣ್ಣ ಮರಿಗೆ ಹೇಳಿದಳು. “ನಿನಗ ಜರಾ ಕಸುವು ಬರ್ಲಿ, ಪೈಪು ಕಿತ್ತು ಒಗೀತೀನಿ. ಶಿವಲೀಗೂ ಹೇಳ್ತೀನಿ.”

ಆ ನಾಲ್ಕು ದಿನದಲ್ಲಿ ಮೂರನೆಯದರ ಮಧ್ಯಾಹ್ನ ಅಯ್ಯಮ್ಮ ಒಲೆಯ ಮುಂದೆ ಹಾಲು ಬೆಚ್ಚಗೆ ಮಾಡುತ್ತಿದ್ದಳು. ಸುಟ್ಟ ವಾಸನೆ ಬಂತು. ಹಾಲಿನದಲ್ಲ, ಕಟ್ಟಿಗೆಯದಲ್ಲ. ಅರವತ್ತು ವರ್ಷ ಕುರಿಯ ಜೊತೆ ಬಾಳಿದ ಮೂಗು ಅದು, ಉಣ್ಣೆ ಸುಡುತ್ತಿದೆ ಎಂದು ಕ್ಷಣದಲ್ಲಿ ಹೇಳಿತು.

ಹಿತ್ತಲಿಗೆ ಬಂದರೆ ಕಂಬಳಿ ಹೊಗೆಯಾಡುತ್ತಿತ್ತು. ಪ್ಲಾಸ್ಟಿಕ್ ಪೈಪು ನಡುವೆ ಜೋತು ಬಿದ್ದು ಕರಗುತ್ತಿತ್ತು. ಕೊಟ್ಟಿಗೆಯೊಳಗೆ ಕಪ್ಪು ಹೊಗೆ, ಹುಲ್ಲಿನ ಮೇಲೆ ಕೆಂಪು ಚುಕ್ಕೆಗಳು. “ಶಿವಲೀ!” ಎಂದು ಒಡೆದ ಗಂಟಲಲ್ಲಿ ಕೂಗಿ ಅಯ್ಯಮ್ಮ ಒಳಗೆ ನುಗ್ಗಿಬಿಟ್ಟಳು. ಬುಟ್ಟಿ ಎತ್ತಿ, ಒಂದು ಮರಿಯನ್ನು ಬಾಚಿ ಬಾಗಿಲಾಚೆ ಎಸೆದಳು. ಇನ್ನೊಂದಕ್ಕೆ ತಡಕಾಡುತ್ತಿರುವಾಗ ಕೆಮ್ಮು ಹತ್ತಿ, ಮೊಣಕಾಲು ಕೈಕೊಟ್ಟು, ಅಲ್ಲೇ ಕುಸಿದಳು.

ಶಿವಲೀಲಾ ಮಷೀನಿನ ಕೋಣೆಯಲ್ಲಿದ್ದಳು. ಕೂಗು ಕೇಳಿತು, ಹಿಂದೆಯೇ ಮಷೀನಿನ ಬೆನ್ನಿನಿಂದ ಹೊಗೆ ಎದ್ದದ್ದೂ ಕಂಡಿತು. ಗೋಡೆಯ ಮೇಲೆ ತಾನೇ ಬರೆದದ್ದು ಅವಳ ಕೈಗೆ ಬಾಯಿಪಾಠವಾಗಿತ್ತು. ಮೇನ್ ಸ್ವಿಚ್ ಇಳಿಸಿದಳು. ಮಷೀನಿನ ಬಾಗಿಲು ಮುಟ್ಟಲಿಲ್ಲ. ಹಿತ್ತಲಿಗೆ ಓಡಿದಳು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಲಿಡದ ಕೊಟ್ಟಿಗೆಗೆ ನುಗ್ಗಿ, ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ ದರದರ ಎಳೆದು ಅಂಗಳದ ಕೆಸರಿಗೆ ತಂದು ಹಾಕಿದಳು. ಆಮೇಲೆ ಸೂರಿನ ನೀರು ತುಂಬಿದ್ದ ಕೊಡ, ಬಕೆಟ್ಟು, ಹಂಡೆ ಎಲ್ಲವನ್ನೂ ಬಾಗಿಲಾಚೆಯಿಂದಲೇ ಒಂದರ ಹಿಂದೊಂದು ಸುರಿದಳು. ಅಷ್ಟರಲ್ಲಿ ಓಣಿಯವರೂ ಬಂದು ಕೂಡಿಕೊಂಡರು. ಕಾಲು ಗಂಟೆಯಲ್ಲಿ ಬೆಂಕಿ ಆರಿತು.

ಕೊಟ್ಟಿಗೆಯ ಒಂದು ಮೂಲೆ ಸುಟ್ಟಿತ್ತು, ಮಷೀನಿನ ಬೆನ್ನು ಕಪ್ಪಾಗಿತ್ತು. ಸಣ್ಣ ಮರಿ ಬೆಂಕಿ ತಾಗದೆಯೇ ಹೊಗೆಗೆ ಸತ್ತಿತ್ತು.

ಅಯ್ಯಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೆಸರಲ್ಲೇ ಕೂತಳು. ಶಿವಲೀಲಾ ಎದುರಿಗೆ ನಿಂತು ಸೀನುತ್ತ, ಅಳುತ್ತ, ಬೈಯುತ್ತ ಮೂರನ್ನೂ ಒಟ್ಟಿಗೆ ಮಾಡಿದಳು.

“ಹೊಗಿಯಾಗ ಹಂಗ ನುಗ್ತಾರೇನ್ರಿ ಅತ್ತಿ? ಮರಿ ಇನ್ನೊಂದು ಹುಟ್ತದ. ನಿಮಗೇನಾರ ಆಗಿದ್ರ? ನಾ ಯಾರನ್ನ ಅತ್ತಿ ಅನ್ಲಿ?”

ಇಂಥ ಮಾತನ್ನು ತನಗೆ ಯಾರಾದರೂ ಆಡಿಯಾರು ಎಂದು ಅಯ್ಯಮ್ಮ ಎಣಿಸಿರಲಿಲ್ಲ. ಸತ್ತ ಮರಿಯ ಕಿವಿ ನೇವರಿಸುತ್ತ ಎಲ್ಲ ಹೇಳಿಬಿಟ್ಟಳು. ಪೈಪು, ಕಂಬಳಿ, ಸೀರೆಯ ತುಂಡು, ಗಯಾಸ ಬಂದಾಗ ಬಚ್ಚಿಟ್ಟದ್ದು, ಕಿಟಕಿಯಿಂದ ನೋಡಿದ್ದು.

“ನಿನ್ನ ಕೆಲಸಾನೂ ಸುಟ್ಟೆ, ಇದನ್ನೂ ಕೊಂದೆ.”

ಶಿವಲೀಲಾ ಅತ್ತೆಯ ಪಕ್ಕ ಕೆಸರಲ್ಲೇ ಕೂತಳು.

“ಅಂದ್ರ ನನಗ ತಲಿ ಕೆಟ್ಟಿರಲಿಲ್ಲ” ಅಂದಳು. “ಹದಿನೈದು ದಿನ ಎಲ್ಲಾರೂ ಸೇರಿ ನನ್ನ ಹುಚ್ಚಿ ಮಾಡಿದ್ರಿ. ನಿಮ್ಮ ಮಗ ಬರ್ಲಿ ಇವತ್ತು.”

ಆ ಹೊತ್ತಿನಲ್ಲೂ ಅಯ್ಯಮ್ಮನಿಗೆ ನಗು ಬಂತು. ನಗುತ್ತಲೇ ಅತ್ತಳು.

ಸಂಜೆ ಗಯಾಸ ಬಂದ. ಈ ಸಲ ನಗೆಯಾಡಲಿಲ್ಲ. ಸುಟ್ಟುಳಿದ ಪೈಪನ್ನು ಸೀಳಿದ. ಒಳಗೆ ಮೊಳಕೈ ಉದ್ದದ ಅರಳೆಯ ಗಡ್ಡೆ ಗಟ್ಟಿಯಾಗಿ ಕೂತಿತ್ತು. ಅದರಿಂದ ಒಂದು ಚಿಟಿಕೆ ಕಿತ್ತು, ಅಂಗಳದ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದ. ಭಗ್ಗೆಂದು ಉರಿದು ಒಂದೇ ಉಸಿರಿಗೆ ಬೂದಿಯಾಯಿತು.

“ನಮ್ಮಪ್ಪ ಸುಲ್ತಾನಸಾಬ ಹತ್ತಿ ಮಿಲ್ಲಿನ್ಯಾಗ ಇದ್ದ, ಕಾಕಿ. ಹತ್ತಿ ಮೂಟಿಗಿಂತ ಮೂಲ್ಯಾಗಿನ ಧೂಳಿಗೆ ಜಾಸ್ತಿ ಅಂಜ್ತಿದ್ದ. ಗಾಳಿ ಕಟ್ಟಿದ್ರಿ, ಮಷೀನ್ ಒಳಗಿನ ಕಾವು ಹೋಗ್ಲಾಕ ದಾರಿ ಇಲ್ಲ, ಈ ಅರಳಿಗೆ ಹತ್ತಿಕೊಂಡದ. ಪ್ಲಾಸ್ಟಿಕ್ ಪೈಪು, ಕಂಬಳಿ, ಹುಲ್ಲು. ಬೆಂಕಿಗೆ ಪಂಕ್ತಿ ಹಾಕಿ ಬಡಿಸೀರಿ ನೀವು.” ಸ್ವಲ್ಪ ತಡೆದು, “ನನಗ ಎರಡು ಸಲ ಉಲ್ಲೂ ಮಾಡಿದ್ರಿ ನೋಡ್ರಿ, ಅದನ್ನ ಮರಿಯಂಗಿಲ್ಲ” ಎಂದ.

ಎರಡು ದಿನ ಕೂತು ಮಷೀನು ಬಿಚ್ಚಿ, ಒಳಗೆಲ್ಲ ಕೂತಿದ್ದ ಅರಳೆ ತೆಗೆದು, ಸುಟ್ಟ ವೈರು ಬದಲಿಸಿ, ಹೊಸ ತಗಡಿನ ಪೈಪು ಹಾಕಿದ. ಮೊದಲಿನಷ್ಟೇ ಗೇಣುದ್ದ. ಶಿವಲೀಲಾ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದಳು. ಅವರು ಇನ್ನೊಂದು ತಿಂಗಳು ನೋಡೋಣ ಎಂದರು. ಪೈಪಿನ ಬಾಯಿ ತೆರೆದಿದೆಯೇ ಎಂದು ಬೆಳಿಗ್ಗೆ ಸಂಜೆ ನೋಡುವ ಕೆಲಸವನ್ನು ಅಯ್ಯಮ್ಮ ಕೇಳಿ ತೆಗೆದುಕೊಂಡಳು. ಕೋಳಿಗಳನ್ನೂ ಅಲ್ಲಿ ಕೂರಗೊಡಲಿಲ್ಲ.

ಮರಿಲಿಂಗನಿಗೆ ಹೇಳುವುದು ಮಾತ್ರ ಅವಳೊಬ್ಬಳ ಪಾಲಿನ ಕೆಲಸ. ಅವನು ಬಂದಾಗ ಸುತ್ತಿ ಬಳಸಲಿಲ್ಲ.

“ನನ್ನ ಕೈಯಾಗ ಸತ್ತದ ಮರಿಲಿಂಗಾ. ರೋಗ ಅಲ್ಲ, ಥಂಡಿ ಅಲ್ಲ. ನನ್ನ ತಪ್ಪು.”

ಮರಿಲಿಂಗ ಸುಟ್ಟ ಮೂಲೆ ನೋಡಿದ, ಉಳಿದ ಮರಿಯ ಹಲ್ಲು ನೋಡಿದ, ಚಹಾ ಕುಡಿದ. “ಹೋಗ್ಬರ್ತೀನಿ” ಎಂದಷ್ಟೇ ಹೇಳಿ ಉಳಿದ ಮರಿಯನ್ನು ಹೆಗಲಿಗೇರಿಸಿಕೊಂಡು ಹೋದ.

ಕೊಟ್ಟಿಗೆ ಖಾಲಿಯಾಯಿತು. ಒಂದು ದಿನವಲ್ಲ, ಎಂಟು ದಿನ. ಹೊರಗೆ ಮಳೆ ಹಿಡಿದೇ ಇತ್ತು, ಇಂಥ ಮಳೆಯಲ್ಲಿ ಎಷ್ಟು ಮರಿ ನಡುಗುತ್ತಿರುತ್ತವೆ ಎಂಬುದು ಅಯ್ಯಮ್ಮನಿಗೆ ಗೊತ್ತು. ಯಾರೂ ಬರಲಿಲ್ಲ. ಅವಳು ಹಾಲಿನ ಬಾಟಲಿ ತೊಳೆದು ಕವುಚಿ ಹಾಕಿದಳು, ಬಿದಿರ ಬುಟ್ಟಿಯನ್ನು ಅಟ್ಟಕ್ಕೆ ಏರಿಸೆಂದು ಭೀಮುವಿಗೆ ಹೇಳಿದಳು. ಶಿವಲೀಲಾ ಬೇಡವೆಂದು ಕಣ್ಸನ್ನೆ ಮಾಡಿದ್ದರಿಂದ ಅವನು ಏರಿಸಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಮರಿಲಿಂಗ ನಿಂತಿದ್ದ. ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಬಳಿಯೊಳಗೆ ಏನೋ ಮಿಸುಕಿತು.

“ರಾತ್ರಿ ಹುಟ್ಟ್ಯದ, ದೊಡ್ಡವ್ವ. ತಾಯಿ ಹಾಲು ಕೊಡವಲ್ಲದು.”

ಅಯ್ಯಮ್ಮ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು. “ನನ್ನ ಹತ್ರ ಈಗ ಬಿಸಿಗಾಳಿ ಇಲ್ಲಪ್ಪಾ. ಪೈಪು ತಗದೀವಿ. ನಾ ಏನ್ ಮಾಡ್ಲಿ?”

ಮರಿಲಿಂಗನಿಗೆ ಅರ್ಥವೇ ಆಗಲಿಲ್ಲ. ಅವಳ ಮುಖವನ್ನೊಮ್ಮೆ, ಗೋಡೆಯ ಪೈಪನ್ನೊಮ್ಮೆ ನೋಡಿದ.

“ನಮ್ಮಪ್ಪ ನಿನ್ನ ಕೈಗೆ ಮರಿ ಕೊಡುವಾಗ ಈ ಓಣ್ಯಾಗ ಕರೆಂಟೇ ಇರಲಿಲ್ಲಲ್ಲ ದೊಡ್ಡವ್ವ” ಅಂದ. “ಹಿಡಿ, ಜಲ್ದಿ. ಮೈ ತಣ್ಣಗ ಆಗ್ಯದ.”

ಅಯ್ಯಮ್ಮ ಹಿಡಿದಳು. ಸೆರಗು ಸರಿಸಿ ಮರಿಯನ್ನು ಹೊಟ್ಟೆಗೆ ಆನಿಸಿಕೊಂಡು, ಮೇಲೆ ಸೆರಗು ಸುತ್ತಿ, ಗೋಡೆಗೊರಗಿ ಕೂತಳು. ಮರಿಯ ಒದ್ದೆ ಮೂಗು ತಣ್ಣಗೆ ಚರ್ಮಕ್ಕೆ ತಾಗಿತು. ಬಹಳ ಹೊತ್ತಿನ ಮೇಲೆ ಅದರ ನಡುಕ ಒಂದಿಷ್ಟು ಇಳಿಯಿತು. ಆಗ ಅವಳು ಒಳಗಿನ ಸೊಸೆಗೆ ಹಾಲು ಬೆಚ್ಚಗೆ ಮಾಡೆಂದು ಕೂಗಿ ಹೇಳಿದಳು.